ಬೋರಮಾಳದ ಕೊಂಡಿಗೆ ಕಟ್ಟಿದ ದಾರ

ಆ ದಿನವೂ ನಳದ ನೀರಿಗಾಗಿಯೇ ಎದ್ದೆ. ಕುಂದಗೋಳದಲ್ಲಿ ಆಗ ನೀರು ಬರುವ ಮುಂಚೆ ಪೈಪು ಕೆಮ್ಮುತ್ತಿತ್ತು, ಆಮೇಲೆ ಬರೀ ಗಾಳಿ, ಆಮೇಲೆ ಕೆಂಪು ನೀರು. ತಿಳಿ ನೀರು ಬರುವವರೆಗೆ ಕಾಯುತ್ತ ನಾನು ಕಟ್ಟೆಯ ಮೇಲೆ ಕುಳಿತು ಬದನೆಕಾಯಿ ಹೆಚ್ಚಿಕೊಳ್ಳುತ್ತಿದ್ದೆ. ಕೊಡ ತುಂಬಿಸಿ, ರೊಟ್ಟಿ ಬಡಿದು, ಮಕ್ಕಳಿಬ್ಬರ ಡಬ್ಬಿ ಕಟ್ಟಿ, ಮನೆಯವರ ಅಂಗಿಗೆ ಇಸ್ತ್ರಿ ಹಾಕಿದೆ. ಅವರು ಕೃಷಿ ಇಲಾಖೆಯಲ್ಲಿದ್ದರು; ಅವತ್ತು ಸಂಶಿಯ ಕಡೆ ಬೀಜದ ಕೆಲಸವಿತ್ತು. ಎಲ್ಲರೂ ಹೊರಟ ಮೇಲೆ ಹಗ್ಗದ ಮೇಲಿಂದ ನನ್ನ ನೀಲಿ ಕೈಮಗ್ಗದ ಸೀರೆ ತೆಗೆದು ನೋಡಿದರೆ ಸೆರಗಿನ ಅಂಚು ಬಿಡತೊಡಗಿತ್ತು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಹೀಗೆ ಎಳೆ ಬಿಟ್ಟ ಬಟ್ಟೆ ಉಟ್ಟವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಹೊಲಿಯಲು ಪುರಸೊತ್ತಿರಲಿಲ್ಲ. ಅದನ್ನೇ ಉಟ್ಟೆ.

ಬೇರೆ ದಿನವಾಗಿದ್ದರೆ ಅಷ್ಟೊತ್ತಿಗೆ ನಾನು ಸ್ಟೇಷನ್ನಿನಲ್ಲಿರಬೇಕಿತ್ತು. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಧಾರವಾಡಕ್ಕೆ ಬಸ್ಸು. ಅಪರಾಧ ನ್ಯಾಯ ಮತ್ತು ಭದ್ರತಾ ಆಡಳಿತ ಎಂಬ ವಿಷಯದಲ್ಲಿ ಎಂ.ಎ. ಎರಡನೇ ವರ್ಷ ಓದುತ್ತಿದ್ದೆ. ತರಗತಿಯಲ್ಲಿ ಕಾನೂನು ಓದಿ ಬಂದ ಗಂಡಸರಿದ್ದರು, ಪೊಲೀಸ್ ಇಲಾಖೆಯಿಂದ ರಜೆ ಹಾಕಿ ಬಂದವರೂ ಇದ್ದರು. ರೊಟ್ಟಿ ಬಡಿದಿಟ್ಟು ಬರುತ್ತಿದ್ದವಳು ನಾನೊಬ್ಬಳೇ. ಕಳವಾದ ಒಡವೆ ಸಿಕ್ಕ ಮೇಲೆ ಅದು ಯಾರದೆಂದು ತಾಲೂಕಿನಲ್ಲಿ ಹೇಗೆ ಗುರುತು ಹಿಡಿಸುತ್ತಾರೆ ಎನ್ನುವುದು ನನ್ನ ಪ್ರಬಂಧದ ವಿಷಯ. ವಿಷಯ ನಾನೇ ಆರಿಸಿಕೊಂಡದ್ದು. ಮಾರ್ಗದರ್ಶಕರು ಒಪ್ಪುವಾಗ ಒಂದೇ ಮಾತು ಹೇಳಿದ್ದರು: "ಪುಸ್ತಕದಾಗಿಂದು ನನಗ ಬ್ಯಾಡ. ಕಚೇರಿಯೊಳಗ ಏನ ನಡೀತೈತಿ, ಅದನ್ನ ಬರ್ಕೊಂಡ ಬರ್ರಿ."

ಅದಕ್ಕಾಗಿ ತಹಸೀಲ್ದಾರರ ಅನುಮತಿ ಪಡೆದು ಹಲವು ವಾರ ತಾಲೂಕು ಕಚೇರಿಯ ಹಳೆಯ ಕಾಗದಗಳನ್ನು ಓದಿದೆ. ಪೊಲೀಸ್ ಠಾಣೆಯಲ್ಲಿಯೂ ಕುಳಿತುಕೊಳ್ಳಲು ಫೌಜದಾರರು ಬಿಟ್ಟಿದ್ದರು. ಪಿ.ಎಸ್.ಐ.ಯನ್ನು ನಮ್ಮ ಕಡೆ ಈಗಲೂ ಫೌಜದಾರ ಎಂದೇ ಕರೆಯುತ್ತಾರೆ. ಪದ್ಧತಿ ಕಾಗದದ ಮೇಲೆ ಚೆಂದವಿತ್ತು. ಸಿಕ್ಕ ಒಡವೆಯನ್ನು ಅಂಥವೇ ಬೇರೆ ಒಡವೆಗಳ ಜೊತೆ ಬೆರೆಸಿಡಬೇಕು. ಇಬ್ಬರು ಪಂಚರು, ಅಂದರೆ ಊರಿನ ಇಬ್ಬರು ಸಾಕ್ಷಿದಾರರು, ಎದುರಿಗಿರಬೇಕು. ಪೊಲೀಸರು ಒಳಗಿರಬಾರದು. ಕಳಕೊಂಡವರು ಬಂದು ತಮ್ಮದನ್ನು ಆರಿಸಬೇಕು. ಆಮೇಲೆ ವರದಿ. ನಾನು ಓದಿದ ವರದಿಗಳಲ್ಲೆಲ್ಲ ಕೊನೆಯ ಸಾಲು ಹೆಚ್ಚು ಕಡಿಮೆ ಒಂದೇ ಇರುತ್ತಿತ್ತು: "ಸದರಿಯವರು ಯಾವ ಸಂಶಯವೂ ಇಲ್ಲದೆ ತಟ್ಟನೆ ಗುರುತಿಸಿದರು." ಯಾರೂ ಎಂದೂ ತಡವರಿಸಿದ್ದೇ ಇಲ್ಲ. ಇದು ನನಗೆ ವಿಚಿತ್ರವೆನಿಸಿತ್ತು, ಆದರೆ ಕಾರಣ ತಿಳಿದಿರಲಿಲ್ಲ.

ಆಗಲೇ ಬೋರಮಾಳದ ಪ್ರಕರಣ ಬಂತು. ಬೋರಮಾಳ ಎಂದರೆ ಬೋರೆಹಣ್ಣಿನಂಥ ಬಂಗಾರದ ಗುಂಡುಗಳ ಸರ. ಗುಂಡಿನೊಳಗೆ ಅರಗು, ಹೊರಗೆ ತೆಳುವಾದ ಬಂಗಾರ. ದಾರದಲ್ಲಿ ಪೋಣಿಸಿದ್ದರಿಂದ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಹೊಸದಾಗಿ ಪೋಣಿಸಬೇಕು. ಆ ಕೆಲಸಕ್ಕೆ ನಮ್ಮ ಊರಿಗೆಲ್ಲ ಇದ್ದವಳು ಒಬ್ಬ ವಿಧವೆ. ಕಟ್ಟೆಯ ಮೇಲೆ ಕುಳಿತು ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು, ಮಾತಾಡುತ್ತ ಮಾತಾಡುತ್ತ ಪೋಣಿಸಿ ಹಿಂದೆ ಕೆಂಪು ಗೊಂಡೆ ಕಟ್ಟಿ ಕೊಡುತ್ತಿದ್ದಳು. ಒಂದು ದೊಡ್ಡ ಮನೆಯಲ್ಲಿ ಅವಳು ಮಂಗಳಸೂತ್ರ ಪೋಣಿಸಿ ಹೋದ ದಿನವೇ ಆ ಮನೆಯ ಸೊಸೆಯ ಬೋರಮಾಳ ಕಾಣದಾಯಿತು. ಪೊಲೀಸರು ಇವಳ ಟ್ರಂಕು ತೆಗೆಸಿದರು. ಅದರಲ್ಲಿ ಒಂದು ಬೋರಮಾಳವಿತ್ತು. ಅದು ತನ್ನ ತವರಿನದು, ತಾಯಿ ಕೊಟ್ಟದ್ದು, ಗಂಡ ಹೋದ ಮೇಲೆ ಹಾಕಿಕೊಂಡಿಲ್ಲ ಎಂದು ಅವಳು ಹೇಳಿದಳು. ತಾಯಿ ಇರಲಿಲ್ಲ, ತವರೂ ಇರಲಿಲ್ಲ. ಇನ್ನೊಬ್ಬರ ಬಂಗಾರ ಪೋಣಿಸುವವಳ ಟ್ರಂಕಿನಲ್ಲಿ ಸ್ವಂತದ ಬಂಗಾರ ಇರುತ್ತದೆಂದು ನಂಬಲು ಊರಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಅಂದಿನಿಂದ ಅವಳನ್ನು ಬೆಳಿಗ್ಗೆ ಠಾಣೆಗೆ ಕರೆಸಿ ಸಂಜೆ ಕಳಿಸುತ್ತಿದ್ದರು.

ಫೌಜದಾರರು ಕೆಟ್ಟವರೇನಲ್ಲ. ನನಗೆ ಮುಚ್ಚುಮರೆಯಿಲ್ಲದೆ ಹೇಳಿದರು, ಇದೆಲ್ಲ ಗುರುತಿನ ಮೇಲೆ ನಿಂತಿದೆ. ಸೊಸೆ ಗುರುತು ಹಿಡಿದರೆ ಅವತ್ತೇ ಸಂಜೆ ಆರೋಪಿಯನ್ನು ಕೋರ್ಟಿಗೆ ಹಾಜರುಪಡಿಸಿ ಧಾರವಾಡದ ಜೈಲಿಗೆ ಕಳಿಸುವುದು, ಹಿಡಿಯದಿದ್ದರೆ ಮನೆಗೆ. ಪಂಚರಲ್ಲಿ ಒಬ್ಬರು ಹೆಂಗಸಾದರೆ ಒಳ್ಳೆಯದೆಂದು, ಗುರುತು ಹಿಡಿಸುವ ಕೆಲಸ ವಹಿಸಿಕೊಂಡಿದ್ದ ಉಪತಹಸೀಲ್ದಾರರು ನನ್ನನ್ನೇ ಕರೆದಿದ್ದರು. ಮಾರ್ಗದರ್ಶಕರನ್ನು ಕೇಳಿದೆ. ನೋಡಿ ಬರೆಯಲು ಹೋದವಳು ಪಂಚಳಾಗಿ ಸಹಿ ಮಾಡಬಹುದೇ ಎಂದು ನನ್ನ ಅನುಮಾನ. ಅವರು, ಪಂಚಳಾದರೆ ಕಂಡದ್ದಕ್ಕಷ್ಟೇ ಸಹಿ ಮಾಡಿ, ವಿದ್ಯಾರ್ಥಿಯನ್ನು ಬಾಗಿಲ ಹೊರಗೆ ಬಿಟ್ಟು ಹೋಗಿ ಎಂದರು.

ಇನ್ನೊಂದು ಕೆಲಸವೂ ನನ್ನ ಮೇಲೆ ಬಿತ್ತು. ಬೆರೆಸಿಡಲು ಬೇರೆ ಬೋರಮಾಳಗಳು ಬೇಕು. ಸೊನಗಾರನ ಅಂಗಡಿಯಲ್ಲಿದ್ದವು ಹೊಸವು, ಮಿರಮಿರ ಮಿಂಚುತ್ತಿದ್ದವು. ಹಳೆಯ ಸರದ ಜೊತೆ ಇಟ್ಟರೆ ಕುರುಡರಿಗೂ ಗೊತ್ತಾಗುತ್ತಿತ್ತು. ಉಟ್ಟು ತೊಟ್ಟು ಸವೆದವು ಬೇಕೆಂದರೆ ಮನೆಗಳಿಂದಲೇ ತರಬೇಕು. ಪೊಲೀಸರು ಕೇಳಿದರೆ ಹೆಂಗಸರು ಬಂಗಾರ ಕೊಡುವುದಿಲ್ಲ. ನಾನು ಕೇಳಿದರೆ ಕೊಟ್ಟಾರು ಎಂದು ಉಪತಹಸೀಲ್ದಾರರು ಹೇಳಿದಾಗ ಅದು ಹೊಗಳಿಕೆಯೋ ಹೊರೆ ಹೊರಿಸುವುದೋ ತಿಳಿಯಲಿಲ್ಲ. ನನ್ನದೇ ಒಂದಿತ್ತು, ಆದರೆ ಪಂಚಳಾದವಳು ತನ್ನದನ್ನು ಇಡುವಂತಿರಲಿಲ್ಲ.

ಆ ಬೆಳಿಗ್ಗೆ ಎದುರುಮನೆಯ ಕಾಕು ನನ್ನ ಜೊತೆ ಬಂದರು. ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಅವರು ಬರದಿದ್ದರೆ ಒಂದು ಸರವೂ ಹುಟ್ಟುತ್ತಿರಲಿಲ್ಲ. ಮೊದಲು ತಮ್ಮ ಕೊರಳಿನದನ್ನೇ ತೆಗೆದು ಕೊಟ್ಟರು. ಮುಂದಿನ ಮನೆಯಲ್ಲಿ ಅತ್ತೆ ಒಪ್ಪಿದರೆ ಸೊಸೆ ಒಪ್ಪಲೊಲ್ಲಳು. ಕಾಕು ಅವಳಿಗೆ, "ಏನ ನಿನ್ನ ಬಂಗಾರಕ್ಕ ಕಾಲ ಬರ್ತಾವೇನ? ಈಕಿ ಕಾನ್ವೆಂಟ್ನಾಗ ಓದ್ಯಾಳ, ಕಳವು ಮಾಡೂದು ಕಲಿಸಿರಂಗಿಲ್ಲ ಅಲ್ಲೆ" ಎಂದರು. ಹಿಂದಿನ ಓಣಿಯ ದರ್ಜಿಯ ಹೆಂಡತಿ ಕೇಳಿದ ಕೂಡಲೇ ಒಳಗೆ ಹೋಗಿ ತಂದುಕೊಟ್ಟಳು. ಮಗಳ ಹೆರಿಗೆಯಲ್ಲಿ ನಾನು ಹುಬ್ಬಳ್ಳಿಗೆ ಜೊತೆ ಹೋಗಿದ್ದನ್ನು ಅವಳು ಮರೆತಿರಲಿಲ್ಲ. ಹೀಗೆ ಐದು ಕೂಡಿದವು. ಕೊಡುವಾಗ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿದರು. ತಮ್ಮ ಹಳೆಯ ಸೀರೆಯಿಂದ ಒಂದೆಳೆ ದಾರ ಕಿತ್ತು ಸರದ ಕೊಂಡಿಗೆ ಸುತ್ತಿ ಗಂಟು ಹಾಕಿದರು. ಕಾಕುನದು ಹಸಿರು, ದರ್ಜಿಯ ಹೆಂಡತಿಯದು ಗುಲಾಬಿ. ಕುಬಸವೆಂಬ ಸೀಮಂತಕ್ಕೆ, ಮದುವೆಗೆ ಬಂಗಾರ ಕೈಗಡ ಕೊಡುವಾಗ ನಮ್ಮ ಭಾಗದಲ್ಲಿ ಹೀಗೇ ಮಾಡುತ್ತಾರೆ. ಹತ್ತು ಮನೆಯ ಬಂಗಾರ ಒಬ್ಬಳ ಮೈಮೇಲೆ ಕೂಡಿದರೂ ಮರಳಿ ಕೊಡುವಾಗ ಅದಲುಬದಲಾಗಬಾರದಲ್ಲ. ನಾನು ಮದುವೆಯಾಗಿ ಬಂದ ವರ್ಷವೇ ಇದನ್ನು ಕಂಡಿದ್ದೆ. ಕಂಡು ಕಂಡು ಅದು ತಲೆಯ ಮೇಲಿನ ಸೆರಗಿನ ಹಾಗೆ ಸಹಜವಾಗಿತ್ತು. ಯಾರ ದಾರ ಯಾವ ಬಣ್ಣ ಎಂದು ಬರೆದುಕೊಂಡು, ಐದನ್ನೂ ಹತ್ತಿ ಹಾಸಿದ ಡಬ್ಬಿಯಲ್ಲಿಟ್ಟು, ಸೆರಗಿನೊಳಗೆ ಹಿಡಿದುಕೊಂಡು ಕಚೇರಿಗೆ ನಡೆದೆ. ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದನ್ನು ಬಿಡದೆ ದಾಖಲಿಸಬೇಕೆಂದು ಭದ್ರತಾ ಆಡಳಿತದ ಪಾಠದಲ್ಲಿ ಓದಿದ್ದೆ. ಐದು ಮನೆಯ ಬಂಗಾರ ಹಿಡಿದು ಬಜಾರದಲ್ಲಿ ನಡೆಯುವಾಗ ಆ ಪಾಠ ಚೆನ್ನಾಗಿ ಅರ್ಥವಾಯಿತು.

ಕಚೇರಿಯ ಅಂಗಳದ ಬೇವಿನ ಗಿಡದ ಕೆಳಗೆ ಸರ ಪೋಣಿಸುವಾಕೆ ಕುಳಿತಿದ್ದಳು. ಬಾಜುದಲ್ಲಿ ಹೆಣ್ಣು ಹೋಮ್‌ಗಾರ್ಡ್ ಒಬ್ಬಳು ಶೇಂಗಾ ಸುಲಿದು ತಿನ್ನುತ್ತಿದ್ದಳು, ಇವಳಿಗೂ ಒಂದು ಹಿಡಿ ಕೊಟ್ಟಿದ್ದಳು. ಇವಳು ಅದನ್ನು ತಿನ್ನದೆ ಉಡಿಯಲ್ಲಿಟ್ಟುಕೊಂಡು, ಕೈಯಲ್ಲಿ ಏನೂ ಇಲ್ಲದಿದ್ದರೂ ಹೆಬ್ಬೆರಳು ತೋರುಬೆರಳಿನಿಂದ ದಾರ ಹೊಸೆಯುವಂತೆ ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಏನಾದರೂ ಕೇಳುತ್ತಾಳೆಂದು ಅಂಜಿದೆ, ಪಂಚಳು ಆರೋಪಿಯ ಜೊತೆ ಮಾತಾಡುವುದು ಸರಿಯಲ್ಲ. ಅವಳು ನನಗೆ ದಾರಿ ಬಿಟ್ಟು ಬದಿಗೆ ಸರಿದಳಷ್ಟೇ.

ಒಳಗೆ ಇನ್ನೊಬ್ಬ ಪಂಚರು ಆಗಲೇ ಬಂದು ಕುಳಿತಿದ್ದರು. ಅರಿವೆ ಅಂಗಡಿಯ ಸಾಹುಕಾರರು, ಅನೇಕ ಪಂಚನಾಮೆಗಳನ್ನು ಕಂಡವರು. ನನ್ನ ಮೋರೆ ನೋಡಿ ಧೈರ್ಯ ಹೇಳುವ ಹಾಗೆ, "ಭಾಳ ಏನಿಲ್ರಿ ಅಕ್ಕಾರ. ಕುಂದ್ರೂದು, ಸಹಿ ಮಾಡೂದು, ಚಾ ಕುಡದು ಹೋಗೂದು" ಎಂದರು.

ಉಪತಹಸೀಲ್ದಾರರು ಕಟ್ಟುನಿಟ್ಟಿನ ಮನುಷ್ಯ. ಫೌಜದಾರರನ್ನು ಮತ್ತು ಅವರ ಹವಾಲ್ದಾರರನ್ನು ವರಾಂಡಕ್ಕೆ ಕಳಿಸಿ ಬಾಗಿಲು ಮುಚ್ಚಿದರು. ಮೇಜಿನ ಮೇಲೆ ಬಿಳಿ ಧೋತರ ಹಾಸಿದರು. ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದ ಪೊಟ್ಟಣವನ್ನು ನಮಗೆ ತೋರಿಸಿದರು. ಮುದ್ರೆ ಒಡೆದಿರಲಿಲ್ಲ. ಹೊಲಿಗೆ ಬಿಚ್ಚಿ ಸರ ತೆಗೆದರು. ಪೊಲೀಸರು ಜಪ್ತಿ ಮಾಡಿದ ವಸ್ತುವಿಗೆ ಕಚೇರಿಯಲ್ಲಿ ಮುದ್ದೇಮಾಲು ಎನ್ನುತ್ತಾರೆ. ಆ ಮುದ್ದೇಮಾಲನ್ನು ಕೈಯಲ್ಲಿ ಹಿಡಿದು ನೋಡಿದೆ. ಗುಂಡುಗಳ ಮೇಲ್ಭಾಗ ಸವೆದು ನುಣುಪಾಗಿತ್ತು. ಹಿಂದೆ ಅದೇ ಕೆಂಪು ಗೊಂಡೆ. ಊರಿಗೆಲ್ಲ ಪೋಣಿಸುವ ಕೈ ಒಂದೇ ಆದ್ದರಿಂದ ಓಣಿಯ ಐದಕ್ಕೂ ಅದೇ ಗೊಂಡೆಯಿತ್ತು. ಗುಂಡುಗಳೂ ಒಂದೇ ಅಚ್ಚಿನವು. ಆರನ್ನೂ ಸಾಲಾಗಿಟ್ಟು, ಕೆಳಗೆ ನಂಬರಿನ ಚೀಟಿ ಇಟ್ಟರು. ಗಂಡಸರಿಬ್ಬರೂ ತೃಪ್ತಿಯಿಂದ ನೋಡಿದರು. ಇಷ್ಟು ಒಂದರಂತೆ ಒಂದಿರುವ ವಸ್ತುಗಳು ಯಾವ ಪ್ರಕರಣದಲ್ಲೂ ಸಿಕ್ಕಿರಲಿಲ್ಲವೆಂದು ಉಪತಹಸೀಲ್ದಾರರು ಹೇಳಿದರು. ನನಗೂ ಹಾಗೆಯೇ ಅನ್ನಿಸಿತ್ತು.

ಸೊಸೆಯನ್ನು ಕರೆದರು. ಇಪ್ಪತ್ತರ ಆಸುಪಾಸಿನ ಹುಡುಗಿ. ಗಾಬರಿಯಲ್ಲಿ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು, ಮತ್ತೆ ಹೊರಗೆ ಹೋಗಿ ಬಿಟ್ಟು ಬಂದಳು. ಮೇಜಿನ ಎದುರು ನಿಂತಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಗುಂಡುಗಳನ್ನು ಅವಳು ಮುಟ್ಟಲೇ ಇಲ್ಲ. ಸರದ ಹಿಂಬದಿಗೆ ಬೆರಳು ಹೋಯಿತು. ಮೊದಲನೆಯದರ ಕೊಂಡಿಯನ್ನು ಉಗುರಿನಿಂದ ಎತ್ತಿ ಬಿಟ್ಟಳು, ಎರಡನೆಯದನ್ನು ಎತ್ತಿ ಬಿಟ್ಟಳು, ಮೂರನೆಯದನ್ನೂ. ನಾಲ್ಕನೆಯದರ ಮೇಲೆ ಕೈ ಇಟ್ಟು, "ಇದ ರೀ" ಎಂದಳು. ಅದೇ ಮುದ್ದೇಮಾಲು. ಸಾಹುಕಾರರು ಉಸಿರು ಬಿಟ್ಟು ಚಹಾಕ್ಕಾಗಿ ಬಾಗಿಲ ಕಡೆ ನೋಡಿದರು.

ಅವಳು ಹೊರಗೆ ಹೋದ ಮೇಲೆ ಉಪತಹಸೀಲ್ದಾರರು ಬರೆಯತೊಡಗಿದರು. ಬರೆಯುತ್ತ ಬಾಯಲ್ಲಿ ಹೇಳಿಕೊಳ್ಳುವುದು ಅವರ ರೂಢಿ. "ಯಾವ ಸಂಶಯವೂ ಇಲ್ಲದೆ ತಟ್ಟನೆ" ಎಂಬಲ್ಲಿಗೆ ಬಂದಾಗ ನನ್ನ ಕಣ್ಣು ಧೋತರದ ಮೇಲೆ ಹೋಯಿತು. ಹಸಿರು, ಗುಲಾಬಿ, ಹಳದಿ, ಒಂದು ಬರೀ ಕೊಂಡಿ, ಕಪ್ಪು, ಮತ್ತೆ ಒಂದು ತಿಳಿ ಹಸಿರು. ಐದು ಸರಗಳಿಗೆ ಒಡತಿಯರಿದ್ದರು, ಅವರು ತಮ್ಮದೆಂದು ಗಂಟು ಹಾಕಿ ಕಳಿಸಿದ್ದರು. ಯಾರೂ ದಾರ ಕಟ್ಟದ ಸರ ಒಂದೇ. ನಮ್ಮ ಊರಿನ ಯಾವ ಹೆಂಗಸನ್ನು ಕರೆದು ಇವುಗಳಲ್ಲಿ ಪೊಲೀಸರದು ಯಾವುದೆಂದು ಕೇಳಿದರೂ, ಬೋರಮಾಳವನ್ನೇ ನೋಡದೆ ಹೇಳುತ್ತಿದ್ದಳು.

ಆ ಹುಡುಗಿ ಸುಳ್ಳು ಹೇಳಿದಳೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಕೈಗಡದ ಬಂಗಾರದಲ್ಲಿ ತನ್ನದನ್ನು ಹುಡುಕುವುದು ಹೇಗೆಂದು ಅವಳಿಗೆ ಮನೆಯಲ್ಲಿ ಕಲಿಸಿದ್ದರು, ಹಾಗೆ ಹುಡುಕಿದಳು.

ವರದಿ ನನ್ನ ಮುಂದೆ ಬಂತು. ಸಾಹುಕಾರರ ಸಹಿ ಆಗಲೇ ಬಿದ್ದಿತ್ತು. ಪೆನ್ನು ಹಿಡಿದು ಕುಳಿತೆ. ಕಿಟಕಿಯಿಂದ ಬೇವಿನ ಗಿಡದ ಬುಡ ಕಾಣುತ್ತಿತ್ತು, ಆದರೆ ಸರ ಪೋಣಿಸುವಾಕೆ ಕಾಣುತ್ತಿರಲಿಲ್ಲ, ಹೋಮ್‌ಗಾರ್ಡಿನ ಬೂಟಷ್ಟೇ. ನನ್ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಈಗ ಸಹಿ ಮಾಡಿ, ಮನೆಗೆ ಹೋಗಿ, ದಾರದ ದೋಷವನ್ನು ಅಧ್ಯಾಯದಲ್ಲಿ ವಿವರವಾಗಿ ಬರೆಯಬಹುದಿತ್ತು. ಮಾರ್ಗದರ್ಶಕರು ಮೆಚ್ಚುತ್ತಿದ್ದರು. ಅವಳು ಅಷ್ಟರಲ್ಲಿ ಧಾರವಾಡದ ಜೈಲಿನಲ್ಲಿರುತ್ತಿದ್ದಳು, ಮರಳಿ ಬಂದರೂ ಒಂದು ಮನೆಯವರೂ ಅವಳ ಕೈಗೆ ಬಂಗಾರ ಕೊಡುತ್ತಿರಲಿಲ್ಲ.

ಪೆನ್ನು ಕೆಳಗಿಟ್ಟು ವಿಷಯ ಹೇಳಿದೆ. ಉಪತಹಸೀಲ್ದಾರರಿಗೆ ಮೊದಲು ತಿಳಿಯಲೇ ಇಲ್ಲ. ಕನ್ನಡಕ ಏರಿಸಿ ಬಾಗಿ ಕೊಂಡಿಗಳನ್ನು ನೋಡಿದರು. ಅಷ್ಟು ಸಣ್ಣ ಎಳೆ ಯಾರ ಕಣ್ಣಿಗೆ ಬಿದ್ದೀತು ಎಂದರು. ನಾನು, ಹೆಂಗಸರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ಎಂದೆ. ಅವರು ಸಾಹುಕಾರರ ಕಡೆ ತಿರುಗಿದರು. ಸಾಹುಕಾರರು ಸಹಿ ಮಾಡಿದ ಕೈಯನ್ನು ಜೇಬಿನಲ್ಲಿಟ್ಟುಕೊಂಡು, "ಖರೇ ಐತ್ರಿ ಸಾಹೇಬ್ರ. ನಮ್ಮ ಹೇಂತಿನೂ ಹಂಗ ಕಟ್ಟತಾಳ. ನನಗ ಹೊಳೀಲಿಲ್ಲ" ಎಂದರು.

ಉಪತಹಸೀಲ್ದಾರರಿಗೆ ಸಿಟ್ಟು ಬಂತು. ಗುರುತು ಆಗಿದೆ, ವರದಿ ಬರೆದಾಗಿದೆ. "ನೀವು ಇಲ್ಲೆ ಪಂಚರಾಗಿ ಬಂದೀರೋ, ಓದಾಕ ಬಂದೀರೋ, ಅದನ್ನ ಮೊದಲ ಹೇಳ್ರಿ" ಎಂದು ಕೇಳಿದರು.

"ಪಂಚಳಾಗೇ ಹೇಳಾಕತ್ತೇನ್ರಿ. ಅಕಿ ಬೋರಮಾಳ ನೋಡಲಿಲ್ಲ, ದಾರ ನೋಡಿದ್ಲು. ನಾ ಕಂಡದ್ದು ಅಷ್ಟ. ಅದನ್ನ ಬರದ್ರ ಸಹಿ ಮಾಡ್ತೇನಿ."

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದೆಂದು. ಅವರು ಕಾಗದದ ಮೂಲೆಯನ್ನು ಮಡಚಿದರು, ಬಿಚ್ಚಿದರು. ಸೊಸೆಗೆ ಮತ್ತೆ ತೋರಿಸುವಂತಿಲ್ಲ, ಅವಳು ಒಮ್ಮೆ ನೋಡಿಯಾಗಿದೆ ಎಂದರು. ಅದಕ್ಕೆ ನಾನೇ ಉತ್ತರ ಹೇಳಿದೆ. ಅತ್ತೆ ಹೊರಗೆ ಕುಳಿತಿದ್ದರು. ಸರ ಮೂಲತಃ ಅವರದು. ಮಗನ ಮದುವೆಯವರೆಗೆ ಅವರ ಕೊರಳಲ್ಲೇ ಇದ್ದದ್ದು. ಅವರು ಇನ್ನೂ ಒಳಗೆ ಬಂದಿರಲಿಲ್ಲ, ಸೊಸೆಯನ್ನು ಕಚೇರಿಯ ಜವಾನ ಆಚೆಯ ಕೋಣೆಯಲ್ಲಿ ಕೂಡಿಸಿದ್ದರಿಂದ ಇಬ್ಬರಲ್ಲಿ ಮಾತೂ ಆಗಿರಲಿಲ್ಲ. ಉಪತಹಸೀಲ್ದಾರರು ಆಗಲೆಂದು ತಲೆಯಾಡಿಸಿದರು. ಮೇಜಿನ ಸೆಳೆಖಾನೆಯಿಂದ ಕತ್ತರಿ ತೆಗೆದರು.

"ಹಂಗಾರ ಎಲ್ಲಾ ದಾರ ಕತ್ತರಿಸಿಬಿಡೂಣು."

ಆಗ ನಾನು ನಿಜವಾಗಿ ಕಷ್ಟಕ್ಕೆ ಸಿಕ್ಕಿದೆ. ದಾರ ಹೋದರೆ ಓಣಿಯ ಐದು ಸರಗಳಲ್ಲಿ ಯಾವುದು ಯಾರದು? ಚೀಟಿಯ ನಂಬರು ನೋಡಿ ನಾನು ಹೇಳಬಲ್ಲೆ, ಆದರೆ ಆ ಹೆಂಗಸರು ನನ್ನ ಚೀಟಿಯನ್ನು ನಂಬಿ ಬಂಗಾರ ಕೊಟ್ಟಿರಲಿಲ್ಲ, ತಮ್ಮ ಗಂಟನ್ನು ನಂಬಿ ಕೊಟ್ಟಿದ್ದರು. ಗಂಟಿಲ್ಲದೆ ಮರಳಿಸಿದರೆ ಒಬ್ಬಳಿಗಾದರೂ ತನ್ನದು ಬದಲಾಗಿದೆ ಎನ್ನಿಸುತ್ತದೆ. ಅಲ್ಲಿಗೆ ಐದು ಮನೆಯೊಳಗೆ ಮಾತು ಮುಗಿದಂತೆ. ಕತ್ತರಿಯನ್ನು ತಡೆದೆ. ತಡೆದ ಮೇಲೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಸುಮ್ಮನೆ ನನ್ನ ಸೆರಗಿನ ಬಿಡುತ್ತಿದ್ದ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತೆ. ಸುತ್ತುತ್ತ ಸುತ್ತುತ್ತ ಹೊಳೆಯಿತು. ಐದರ ದಾರ ಬಿಚ್ಚುವುದಕ್ಕಿಂತ ಆರನೆಯದಕ್ಕೂ ಒಂದು ಕಟ್ಟಿದರಾಯಿತು.

ಉಪತಹಸೀಲ್ದಾರರು ಒಪ್ಪಲಿಲ್ಲ. "ಮುದ್ದೇಮಾಲಿಗೆ ಒಂದು ಎಳಿ ಕೂಡಿಸೂದೂ ಇಲ್ಲ, ಕಳಿಯೂದೂ ಇಲ್ರಿ. ನಾಳೆ ಕೋರ್ಟಿನಾಗ ವಕೀಲ ನನ್ನ ಹಿಡದು ನಿಲ್ಲಸ್ತಾನ." ಅವರ ಮಾತಿನಲ್ಲಿ ಸತ್ಯವಿತ್ತು. ತರಗತಿಯಲ್ಲಿ ನಾವು ಕಲಿತದ್ದೂ ಅದನ್ನೇ. ಗುಟ್ಟಾಗಿ ಕೂಡಿಸಿದರೆ ತಪ್ಪು, ಯಾಕೆ ಕೂಡಿಸಿದೆವು, ಯಾರ ಎದುರು ಕೂಡಿಸಿದೆವು, ಎಂಥ ದಾರ ಎಂದು ಬರೆದಿಟ್ಟರೆ ಅದೂ ದಾಖಲೆಯೇ ಆಗುತ್ತದಲ್ಲ ಎಂದು ನಾನು ವಾದಿಸಿದೆ. ಮೊದಲ ವರದಿಯನ್ನು ಹರಿಯಬಾರದು. ಸೊಸೆ ಹಿಡಿದದ್ದು, ಹೇಗೆ ಹಿಡಿದಳು, ಆಮೇಲೆ ಆದದ್ದು ಎಲ್ಲವೂ ಕೋರ್ಟಿಗೆ ಹೋಗಲಿ ಎಂದೆ. ಅವರು ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಕೊನೆಗೆ ಮೊದಲ ವರದಿಯಲ್ಲಿದ್ದ "ತಟ್ಟನೆ" ಎಂಬ ಸಾಲನ್ನು ಹೊಡೆದು ಹಾಕಿ, ಕೊಂಡಿಗಳನ್ನು ಎತ್ತಿ ನೋಡಿ ಆರಿಸಿದರು ಎಂದು ಬರೆದು, ಬಾಜುದಲ್ಲಿ ಸಣ್ಣ ಸಹಿ ಮಾಡಿದರು. ಅದಕ್ಕೆ ನಾನೂ ಸಹಿ ಮಾಡಿದೆ. ಆಮೇಲೆ ಹೊಸ ಹಾಳೆ ತೆಗೆದರು.

ಬಟ್ಟೆಯಿಂದ ಒಂದೇ ಎಳೆಯನ್ನು ತುಂಡಾಗದಂತೆ ಎಳೆಯುವುದು ಕಾನ್ವೆಂಟಿನ ಹೊಲಿಗೆ ತರಗತಿಯ ಮೊದಲ ಪಾಠ. ಕರವಸ್ತ್ರದ ಅಂಚು ಬಿಡಿಸುವಾಗ ಸೂಜಿಯ ಮೊನೆಯಿಂದ ಎಳೆಯೊಂದನ್ನು ಎಬ್ಬಿಸಿ, ಒಂದು ಕೈಯಿಂದ ಬಟ್ಟೆಯನ್ನು ಸುಕ್ಕುಗಟ್ಟಿಸುತ್ತ ಇನ್ನೊಂದರಿಂದ ಮೆಲ್ಲಗೆ ಜಗ್ಗಬೇಕು. ಅವಸರ ಮಾಡಿದರೆ ಹರಿಯುತ್ತದೆ. ಪೊಟ್ಟಣ ಹೊಲಿಯುವ ದಬ್ಬಳ ಬಹಳ ದಪ್ಪ, ಕಾಗದಕ್ಕೆ ಚುಚ್ಚುವ ಗುಂಡುಸೂಜಿ ಇತ್ತು. ಇಬ್ಬರು ಗಂಡಸರು ನೋಡುತ್ತಿರುವಾಗ ನನ್ನ ಸೆರಗಿನಿಂದ ನೀಲಿ ಎಳೆ ತೆಗೆದು ನಾಲ್ಕನೆಯ ಸರದ ಕೊಂಡಿಗೆ ಸುತ್ತಿ, ಉಳಿದವರು ಹಾಕಿದಂಥದೇ ಗಂಟು ಹಾಕಿದೆ. ಸರಗಳ ಜಾಗ ಬದಲಿಸಿ ಹೊಸ ಚೀಟಿ ಇಟ್ಟರು. ಈಗ ಆರಕ್ಕೂ ದಾರವಿತ್ತು.

ಅತ್ತೆಯನ್ನು ಕರೆದರು. ದಪ್ಪನೆಯ ಹೆಂಗಸು, ಉಬ್ಬಸ. ಕುರ್ಚಿ ಕೊಡಿಸಿದರು. ಅವರೂ ಮೊದಲು ಕೊಂಡಿಗಳನ್ನೇ ಎತ್ತಿ ನೋಡಿದರು. ಆರನ್ನೂ ನೋಡಿ ಮುಗಿಸಿ ಮತ್ತೆ ಮೊದಲಿನಿಂದ ಬಂದರು. ಮುಖ ಸ್ವಲ್ಪ ಗೊಂದಲಕ್ಕೆ ಬಿತ್ತು. ಆಮೇಲೆ ಒಂದೊಂದನ್ನೂ ಅಂಗೈಯಲ್ಲಿಟ್ಟು ತೂಗಿದರು, ಕಿಟಕಿಯ ಬೆಳಕಿಗೆ ಹಿಡಿದರು, ಒಂದನ್ನು ಕೊರಳ ಹತ್ತಿರ ಒಯ್ದು ಕೆಳಗಿಟ್ಟರು. ಉಪತಹಸೀಲ್ದಾರರ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಹೊರಗೆ ಫೌಜದಾರರ ಬೂಟಿನ ಸಪ್ಪಳ ಆ ಕಡೆಯಿಂದ ಈ ಕಡೆಗೆ ಹೋಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಅವರು ಎರಡನೆಯ ಸರವನ್ನು ಎತ್ತಿ ಹಿಡಿದರು. "ಇದ ನಮ್ಮದು. ಇಪ್ಪತ್ತ ವರ್ಷ ಹಾಕ್ಕೊಂಡೇನಿ, ನನ್ನ ಕೊಳ್ಳಿಗೆ ಗೊತ್ತಾಗೂದಿಲ್ಲೇನು?"

ಅದರ ಕೊಂಡಿಯಲ್ಲಿ ಹಸಿರು ದಾರವಿತ್ತು. ಕಾಕುನ ಸರ. ಮುದ್ದೇಮಾಲು ಐದನೆಯ ಜಾಗದಲ್ಲಿ ನನ್ನ ನೀಲಿ ಎಳೆ ಕಟ್ಟಿಕೊಂಡು ಬಿದ್ದಿತ್ತು. ಅವರು ಅದನ್ನು ಎರಡು ಸಲ ಕೈಯಲ್ಲಿ ಹಿಡಿದು ಬಿಟ್ಟಿದ್ದರು.

ಉಪತಹಸೀಲ್ದಾರರು ಈ ಸಲ ಬಾಯಲ್ಲಿ ಹೇಳಿಕೊಳ್ಳದೆ ಬರೆದರು. ಸಾಹುಕಾರರು ವರದಿಯನ್ನು ಕೈಗೆ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಓದಿದರು, ಆಮೇಲೆ ಸಹಿ ಮಾಡಿದರು. ನಾನೂ ಮಾಡಿದೆ. ಮುದ್ದೇಮಾಲನ್ನು ನೀಲಿ ದಾರದ ಸಮೇತ ಬಟ್ಟೆಯಲ್ಲಿ ಹೊಲಿದು ಹೊಸದಾಗಿ ಅರಗು ಒತ್ತಿದರು. ಐದು ಸರ ಎಣಿಸಿ ನನ್ನ ಡಬ್ಬಿಗೆ ಹಾಕಿ, ಮುಟ್ಟಿತೆಂದು ಬರೆಸಿಕೊಂಡರು.

ಫೌಜದಾರರು ಎರಡೂ ಹಾಳೆಗಳನ್ನು ವರಾಂಡದಲ್ಲಿ ನಿಂತೇ ಓದಿದರು. ನನ್ನನ್ನು ಇನ್ನು ಠಾಣೆಯಲ್ಲಿ ಕುಳಿತುಕೊಳ್ಳಲು ಬಿಡುವುದಿಲ್ಲವೆಂದೇ ತಿಳಿದಿದ್ದೆ. ಅವರು ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡು, "ಅಕ್ಕಾರ, ನೀವು ಓದಿದ್ದು ನಮಗ ತುಟ್ಟಿ ಬಿತ್ತು ನೋಡ್ರಿ" ಎಂದರು. ನಗಲಿಲ್ಲ, ಸಿಟ್ಟೂ ಇರಲಿಲ್ಲ. ನಂತರವೂ ನನಗೆ ಠಾಣೆಯ ಬಾಗಿಲು ಮುಚ್ಚಲಿಲ್ಲ, ಕುರ್ಚಿ ಮಾತ್ರ ಸ್ವಲ್ಪ ದೂರಕ್ಕೆ ಹೋಯಿತು. ಆ ಕಳವಿನ ಬೋರಮಾಳ ಯಾರ ಕೈ ಸೇರಿತೆಂದು ಕೊನೆಗೂ ತಿಳಿಯಲಿಲ್ಲ. ಟ್ರಂಕಿನಲ್ಲಿ ಸಿಕ್ಕದ್ದು ಬಹಳ ತಿಂಗಳ ಮೇಲೆ ಕೋರ್ಟಿನ ಹುಕುಮಿನಂತೆ ಅವಳಿಗೇ ಮರಳಿತು. ಆ ದಿನ ಇದೊಂದೂ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವಳು ಸಂಜೆಯ ಗಾಡಿಗೆ ಧಾರವಾಡಕ್ಕೆ ಹೋಗುವುದಿಲ್ಲ ಎಂಬುದಷ್ಟೇ.

ಬೇವಿನ ಗಿಡದ ಹತ್ತಿರ ಹೋಗಿ ಫೌಜದಾರರು ಅವಳಿಗೆ ಮನೆಗೆ ನಡೆ ಎಂದರು. ಅವಳಿಗೆ ಅರ್ಥವಾಗಲಿಲ್ಲ. "ನಾಳೆ ಎಷ್ಟೊತ್ತಿಗೆ ಬರ್ಲಿ ರೀ?" ಎಂದು ಕೇಳಿದಳು. ಕರೆದಾಗ ಬಾ ಎಂದರು. ಆಮೇಲೆ ತನ್ನದನ್ನು ಯಾವಾಗ ಕೊಡುತ್ತಾರೆಂದು ಕೇಳಿದಳು, ಅದು ಕೋರ್ಟಿನ ಕೈಯಲ್ಲಿದೆ ಎಂದರು. ಅವಳು ಉಡಿಯಲ್ಲಿದ್ದ ಶೇಂಗಾವನ್ನು ಹೋಮ್‌ಗಾರ್ಡಿನ ಕೈಗೆ ಮರಳಿ ಸುರಿದು ಎದ್ದಳು. ನನ್ನ ಮುಂದೆ ದಾಟಿ ಹೋಗುವಾಗ ಕಣ್ಣು ನನ್ನ ಮುಖಕ್ಕಿಂತ ಮೊದಲು ಸೆರಗಿಗೆ ಬಿತ್ತು. ಎಳೆ ತೆಗೆದಲ್ಲಿ ಅಂಚು ಸುಕ್ಕುಗಟ್ಟಿ ಇನ್ನಷ್ಟು ಬಿಟ್ಟಿತ್ತು.

"ಅಕ್ಕಾರ, ಸೆರಗ ಹೋಗಾಕತ್ತೈತಿ ನೋಡ್ರಿ. ತಂದ ಕೊಡ್ರಿ, ಗೊಂಡೆ ಕಟ್ಟಿ ಕೊಡ್ತೇನಿ."

ಒಳಗೆ ಏನಾಯಿತೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳುವಂತಿರಲಿಲ್ಲ. ತಂದು ಕೊಡುತ್ತೇನೆಂದೆ.

ಮನೆಗೆ ಬಂದಾಗ ಮಕ್ಕಳು ಶಾಲೆಯಿಂದ ಬಂದು ಬೀಗದ ಮುಂದೆ ಕಟ್ಟೆಯ ಮೇಲೆ ಕುಳಿತಿದ್ದರು. ಅವರಿಗೆ ಅವಲಕ್ಕಿ ಕಲಸಿ ಕೊಟ್ಟು ಡಬ್ಬಿ ಹಿಡಿದು ಮತ್ತೆ ಓಣಿಗೆ ಹೊರಟೆ. ಸೂರ್ಯ ಇಳಿಯುವುದರೊಳಗೆ ಬಂಗಾರ ಮುಟ್ಟಿಸಬೇಕೆಂದು ಕಾಕು ಬೆಳಿಗ್ಗೆಯೇ ಹೇಳಿದ್ದರು. ಪ್ರತಿ ಮನೆಯಲ್ಲಿ ಡಬ್ಬಿ ತೆರೆದು ಹಿಡಿದರೆ, ಒಡತಿ ಬೆರಳು ಹಾಕಿ ತನ್ನ ಬಣ್ಣದ ದಾರ ಹುಡುಕಿ ಎತ್ತಿಕೊಳ್ಳುತ್ತಿದ್ದಳು. ಒಪ್ಪಲೊಲ್ಲದ ಸೊಸೆ ದಾರದ ಗಂಟನ್ನು ಎರಡು ಸಲ ನೋಡಿ ತನ್ನದೇ ಎಂದಳು. ದರ್ಜಿಯ ಹೆಂಡತಿ ಚಹಾ ಕುಡಿಸಿ ಕಳಿಸಿದಳು.

ಕೊನೆಗೆ ಕಾಕುನ ಮನೆ. ಅವರು ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಬಾಜುದಲ್ಲಿ ಕುಳಿತು, ಹೇಳಬಹುದಾದಷ್ಟನ್ನು ಹೇಳಿದೆ. ಅವರ ಬೋರಮಾಳವನ್ನೇ ಆ ಮನೆಯ 'ಹಿರಿಯಾಕಿ' ತಮ್ಮದೆಂದು ಹಿಡಿದರು ಎನ್ನುವುದನ್ನೂ ಹೇಳಿದೆ, ಅದು ಸಂಜೆಯೊಳಗೆ ಊರಿಗೇ ಗೊತ್ತಾಗುವ ಮಾತಾಗಿತ್ತು. ಕಾಕು ಮುನಿಸಿಕೊಳ್ಳಬಹುದು, ಅಥವಾ ಬಿದ್ದು ಬಿದ್ದು ನಗಬಹುದು ಎಂದುಕೊಂಡಿದ್ದೆ. ಅವರು ಎರಡೂ ಮಾಡಲಿಲ್ಲ. ಹಸಿರು ಗಂಟನ್ನು ಹಲ್ಲಿನಿಂದ ಬಿಚ್ಚಿ, ಎಳೆಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಸರ ಕೊರಳಿಗೆ ಹಾಕಿಕೊಂಡು, ಮೊರವನ್ನು ಮತ್ತೆ ಕೈಗೆತ್ತಿಕೊಂಡರು.

"ತಗೋ, ಅದರಾಗೇನೈತಿ ತಂಗಿ. ದಾರ ಇರ್ಲಿಲ್ಲಂದ್ರ ನಂದ ಯಾವ್ದಂತ ನನಗರ ಎಲ್ಲಿ ತಿಳೀತಿತ್ತು" ಎಂದು, ಜೋಳದಲ್ಲಿ ಸಿಕ್ಕ ಹರಳನ್ನು ಅಂಗಳಕ್ಕೆ ಒಗೆದರು.